ಹನ್ನಳ ಕಣ್ಣೀರೂ ನೂರರ ಲೆಕ್ಕವೂ

ಪ್ರಸಂಗದ ಆಧಾರ: ಸಮುವೇಲನ ಮೊದಲನೆಯ ಪುಸ್ತಕ, 1ನೆಯ ಅಧ್ಯಾಯ



ಎಲ್ಕಾನನ ಮನೆಯ ಸಂಗತಿಯು ನಿಮಗೆಲ್ಲರಿಗೂ ಗೊತ್ತುಂಟು. ಅವನ ಹೆಂಡರಿಬ್ಬರಲ್ಲಿ ಒಬ್ಬಳ ಮಡಿಲು ತುಂಬಿತ್ತು. ಹನ್ನಳ ಮಡಿಲು ಬರಿದಾಗಿತ್ತು. ವರುಷ ವರುಷವೂ ಕುಟುಂಬವೆಲ್ಲ ಆರಾಧನೆಗಾಗಿ ಶೀಲೋವಿಗೆ ಹೋಗುವಾಗ ಪೆನಿನ್ನಳು ಆಕೆಯನ್ನು ಚುಚ್ಚಿ ಮಾತಾಡುವಳು. ಹನ್ನಳು ಉಣ್ಣದೆ ಅಳುವಳು. ಗಂಡನು ಆಕೆಯನ್ನು ಬಹಳವಾಗಿ ಪ್ರೀತಿಸಿದನು. ಆದರೂ ಆ ದುಃಖದ ಆಳವು ಅವನಿಗೆ ತಿಳಿಯಲಿಲ್ಲ. ಯಾಜಕನಾದ ಏಲಿಯೋ, ಶಬ್ದವಿಲ್ಲದೆ ತುಟಿಯಾಡಿಸುತ್ತಾ ಪ್ರಾರ್ಥಿಸುತ್ತಿದ್ದವಳನ್ನು ಕಂಡು ಕುಡಿದು ಬಂದವಳೆಂದು ತಿಳಿದನು. ಮನೆಯಲ್ಲಿ ಸವತಿ, ಮಗ್ಗುಲಲ್ಲಿ ಗಂಡ, ದೇವಾಲಯದಲ್ಲಿ ಯಾಜಕ: ಈ ಮೂವರಲ್ಲಿ ಒಬ್ಬರಿಗೂ ಆಕೆಯ ಸಂಕಟವು ಸರಿಯಾಗಿ ಕಾಣಲಿಲ್ಲ.

ಪ್ರಿಯರೇ, ಈ ಹನ್ನಳು ಇಂದಿಗೂ ನಮ್ಮ ಮಧ್ಯದಲ್ಲಿದ್ದಾಳೆ. ಲೋಕದಲ್ಲಿ ಪ್ರಾಯಕ್ಕೆ ಬಂದವರಲ್ಲಿ ಹೆಚ್ಚುಕಡಿಮೆ ಆರು ಮಂದಿಗೆ ಒಬ್ಬರು ತಮ್ಮ ಜೀವಮಾನದಲ್ಲಿ ಮಕ್ಕಳಾಗದ ಕಷ್ಟವನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು. ಹಾಗಾದರೆ ಇಪ್ಪತ್ತು ಮನೆಗಳ ಒಂದು ಸಣ್ಣ ಸಭೆಯಲ್ಲಿಯೂ ಈ ನೋವನ್ನು ತಿಳಿದವರು ಇದ್ದೇ ಇರುವರು. ಕತ್ತಲಗೆರೆಯಲ್ಲಾಗಲಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಬೇರೆ ಹಳ್ಳಿಗಳಲ್ಲಾಗಲಿ, ಭಾನುವಾರದ ಆರಾಧನೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಬೇರೆಯವರ ಮಗುವಿನ ದೀಕ್ಷಾಸ್ನಾನವನ್ನು ತಲೆತಗ್ಗಿಸಿ ನೋಡುವ ತಂಗಿಯನ್ನು ನೀವು ಕಾಣಲಿಲ್ಲವೋ?

ಹನ್ನಳ ಕಾಲದಲ್ಲಿ ಇಲ್ಲದ ಒಂದು ಬಾಗಿಲು ಈ ತಂಗಿಗೆ ತೆರೆದದೆ. ಪಟ್ಟಣಕ್ಕೆ ಹೋದರೆ ದಾರಿಯ ಇಕ್ಕೆಲದಲ್ಲಿಯೂ ನಗುವ ಕೂಸುಗಳ ಚಿತ್ರವಿರುವ ಹಲಗೆಗಳು. ಅವುಗಳ ಮೇಲೆ ದೊಡ್ಡ ದೊಡ್ಡ ಅಂಕೆಗಳು. ನೂರಕ್ಕೆ ಇಷ್ಟು ಮಂದಿಗೆ ಮಕ್ಕಳಾದವೆಂದು ಓದಿ ಗಂಡಹೆಂಡರು ಮನೆಗೆ ಬಂದು, ತೋಟ ಮಾರುವದೋ, ಸಾಲ ಎತ್ತುವದೋ ಎಂದು ರಾತ್ರಿಯೆಲ್ಲಾ ಆಲೋಚಿಸುವರು. ಆದಕಾರಣ ಈ ದಿವಸ ಮೂರು ಸಂಗತಿಗಳನ್ನು ವಿಚಾರಿಸೋಣ. ಒಂದು, ವೈದ್ಯರ ಬಳಿಗೆ ಯಾರು ಯಾವಾಗ ಹೋಗತಕ್ಕದ್ದು? ಎರಡು, ಹಲಗೆಯ ಮೇಲಿನ ಅಂಕೆಯ ನಿಜವಾದ ಅರ್ಥವೇನು? ಮೂರು, ಇದರಲ್ಲಿ ಸಭೆಯ ಕರ್ತವ್ಯವೇನು?

ಒಂದನೆಯದಾಗಿ, ವೈದ್ಯರ ಬಳಿಗೆ ಹೋಗುವದು ಅವಿಶ್ವಾಸದ ಗುರುತಲ್ಲ. ಸುವಾರ್ತೆಯನ್ನು ಬರೆದ ಲೂಕನು ತಾನೇ ವೈದ್ಯನಾಗಿದ್ದನು. ಜ್ವರಕ್ಕೆ ಔಷಧ ಕುಡಿಯುವವನು ಪ್ರಾರ್ಥನೆಯನ್ನು ಬಿಟ್ಟನೆಂದು ನಾವು ಅನ್ನುವದಿಲ್ಲವಷ್ಟೆ. ಹಾಗಾದರೆ ಮಕ್ಕಳಿಲ್ಲದವಳು ಔಷಧವನ್ನು ವಿಚಾರಿಸಿದರೆ ಯಾಕೆ ಗುಸುಗುಸು ಮಾತಾಡಬೇಕು? ಆದರೆ ಅವಸರವೂ ಬೇಡ. ಆರೋಗ್ಯವುಳ್ಳ ನೂರು ದಂಪತಿಗಳಲ್ಲಿ 80ಕ್ಕೂ ಹೆಚ್ಚು ಮಂದಿಗೆ ಒಂದು ವರುಷದೊಳಗೆ ಗರ್ಭ ನಿಲ್ಲುವದು. ಉಳಿದವರಲ್ಲಿ ಅರ್ಧದಷ್ಟು ಮಂದಿಗೆ ಎರಡನೆಯ ವರುಷದಲ್ಲಿ ನಿಲ್ಲುವದು. ಆದದರಿಂದ ಮದುವೆಯಾದ ನಾಲ್ಕು ತಿಂಗಳಿಗೇ ಸೊಸೆಯ ಹೊಟ್ಟೆಯನ್ನು ನೋಡುವ ಅತ್ತೆಯಂದಿರು ತಮ್ಮ ನಾಲಿಗೆಗೆ ಕಡಿವಾಣ ಹಾಕಿಕೊಳ್ಳಲಿ. ಕೂಡಿ ಬಾಳಿ ಒಂದು ವರುಷ ಕಳೆದರೂ ಗರ್ಭ ನಿಲ್ಲದಿದ್ದರೆ ತೋರಿಸಿಕೊಳ್ಳತಕ್ಕದ್ದು. ಹೆಂಗಸಿಗೆ 35 ವಯಸ್ಸು ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು.

ಯಾರು ಹೋಗತಕ್ಕದ್ದು? ಇಬ್ಬರೂ. ಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ರೈತರು ಪೈರು ಏಳದಿದ್ದರೆ ಮೊದಲು ಏನು ಮಾಡುವರು? ಹೊಲವನ್ನು ಬೈದು ಸುಮ್ಮನಾಗುವರೋ? ಬೀಜವನ್ನೂ ನೋಡುವರು, ನೀರನ್ನೂ ನೋಡುವರು. ಆದರೆ ಮಗುವಾಗದ ಮನೆಯಲ್ಲಿ ಮಾತ್ರ ಬಂಜೆಯೆಂಬ ಹೆಸರು ಹೆಂಗಸಿಗೇ ಅಂಟುವದು. ಸತ್ಯವೇನಂದರೆ, ಇಂಥ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವುಂಟು. ಅದು ಒಂಟಿಯಾಗಿಯಾದರೂ ಹೆಂಡತಿಯ ಕಡೆಯ ಕಾರಣದೊಡನೆ ಸೇರಿಯಾದರೂ ಇರುವದು. ಗಂಡಸಿನ ಪರೀಕ್ಷೆಯು ಸುಲಭವಾದದ್ದು, ನೋವಿಲ್ಲದ್ದು, ಕಡಿಮೆ ಖರ್ಚಿನದು. ತಾನು ಅದನ್ನು ಮಾಡಿಸಿಕೊಳ್ಳದೆ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸುವ ಗಂಡನು ಆಕೆಗೆ ಅನ್ಯಾಯ ಮಾಡುತ್ತಾನೆ. ಹೊಗೆಸೊಪ್ಪು, ಬೀಡಿ, ಸಾರಾಯಿ ಇವು ಗಂಡಸಿನ ಬೀಜವನ್ನು ಕೆಡಿಸುವವೆಂಬದನ್ನೂ ತಿಳುಕೊಳ್ಳಿರಿ.

ಹೆಂಗಸಿನ ಕಡೆಯ ಕಾರಣಗಳು ಹಲವು. ತಿಂಗಳು ತಿಂಗಳು ಅಂಡವು ಸರಿಯಾಗಿ ಬಿಡುಗಡೆಯಾಗದೆ ಇರಬಹುದು. ಥೈರಾಯ್ಡ್ ಗ್ರಂಥಿಯ ದೋಷವಿರಬಹುದು. ಅಂಡವು ಬರುವ ನಾಳಗಳು ಮುಚ್ಚಿಹೋಗಿರಬಹುದು. ನಮ್ಮ ದೇಶದಲ್ಲಿ ಈ ನಾಳಗಳನ್ನು ಮುಚ್ಚುವ ಕಾರಣಗಳಲ್ಲಿ ಕ್ಷಯರೋಗವು ಒಂದು. ಅದು ಕೆಮ್ಮಿಲ್ಲದೆ, ಸದ್ದಿಲ್ಲದೆ ಒಳಗೇ ಹಾಳುಮಾಡುವದು. ಇವುಗಳಲ್ಲಿ ಕೆಲವು ಮಾತ್ರೆಗಳಿಂದಲೇ ಗುಣವಾಗುತ್ತವೆ. ಆದಕಾರಣ ಮೊದಲೇ ದೊಡ್ಡ ಚಿಕಿತ್ಸೆಗೆ ಓಡಬೇಡಿರಿ. ಚನ್ನಗಿರಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲವೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ವೈದ್ಯರನ್ನು ಕಂಡು ಕಾರಣವನ್ನು ತಿಳಿದುಕೊಳ್ಳಿರಿ. ಕಾರಣ ತಿಳಿಯದೆ ತಾಯಿತ ಕಟ್ಟುವವನಿಗೂ, ಕಾರಣ ತಿಳಿಯದೆ ಲಕ್ಷ ರೂಪಾಯಿ ಕೇಳುವವನಿಗೂ ಹಣ ಕೊಡಬೇಡಿರಿ.

ಎರಡನೆಯದಾಗಿ, ಅಂಕೆಯ ಸಂಗತಿ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿರಿ.

ಪ್ರನಾಳ ಶಿಶುವೆಂದು ಜನರು ಕರೆಯುವ, ಐ.ವಿ.ಎಫ್. ಎಂಬ ಚಿಕಿತ್ಸೆಯಿಂದ ಹುಟ್ಟಿದ ಲೋಕದ ಮೊದಲನೆಯ ಮಗುವು ಇಂಗ್ಲೆಂಡಿನ ಓಲ್ಡಮ್ ಎಂಬ ಊರಿನಲ್ಲಿ 1978ನೆಯ ಜುಲೈ 25ರಂದು ಜನಿಸಿತು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಎಂಬ ಇಬ್ಬರು ವಿದ್ವಾಂಸರೂ ಜೀನ್ ಪರ್ಡಿ ಎಂಬ ದಾದಿಯೂ ಅದಕ್ಕಾಗಿ ಸುಮಾರು ಹತ್ತು ವರುಷ ದುಡಿದರು. ಆ ವರುಷಗಳಲ್ಲಿ 282 ಸ್ತ್ರೀಯರು ತಮ್ಮ ದೇಹವನ್ನು ಆ ಪ್ರಯತ್ನಕ್ಕೆ ಒಪ್ಪಿಸಿಕೊಟ್ಟರು. ಗರ್ಭ ನಿಂತದ್ದು ಐದು ಸಾರಿ. ಜೀವದಿಂದ ಹುಟ್ಟಿದ ಮಕ್ಕಳು ಎರಡು. ಲೋಕವು ಆ ಎರಡು ಮಕ್ಕಳ ಚಿತ್ರವನ್ನು ನೋಡಿತು; ಬರಿಗೈಯಲ್ಲಿ ಹಿಂತಿರುಗಿದ 280 ತಾಯಂದಿರ ಚಿತ್ರವನ್ನು ಯಾರು ನೋಡಿದರು?

ಅದೇ ವರುಷದ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ನಮ್ಮ ದೇಶದಲ್ಲಿಯೂ ಇಂಥ ಮಗುವು ಹುಟ್ಟಿತು. ಆದರೆ ಅವರ ಮಾತನ್ನು ಅಧಿಕಾರಿಗಳು ನಂಬಲಿಲ್ಲ. ಅವಮಾನಗೊಂಡು 1981ರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ, ಡಾಕ್ಟರ್ ಟಿ. ಸಿ. ಆನಂದ ಕುಮಾರ್ ಇವರ ಕೈಯಿಂದ ಮತ್ತೊಂದು ಮಗುವಾಯಿತು. ಅದೇ ದೇಶದ ಮೊದಲನೆಯದೆಂದು ಎಲ್ಲರೂ ಕೊಂಡಾಡಿದರು. ಆದರೆ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಇದೇ ಚಿಕಿತ್ಸೆಯ ಕೆಲಸ ಮಾಡಿದ ಈ ಆನಂದ ಕುಮಾರರು, ಮುಖರ್ಜಿಯವರ ಬರಹಗಳನ್ನು ಶೋಧಿಸಿ ನೋಡಿ, ಮೊದಲಿಗರು ತಾವಲ್ಲ, ಮುಖರ್ಜಿಯವರೇ ಎಂದು 1997ರಲ್ಲಿ ಬಹಿರಂಗವಾಗಿ ಸಾರಿದರು. ತನ್ನ ಕೀರ್ತಿಯು ಕುಂದಿದರೂ ನಿಜವಾದ ಲೆಕ್ಕವನ್ನು ಒಪ್ಪಿಸಿದ ಮನುಷ್ಯನು ಇವನು. ಪ್ರಿಯರೇ, ಚಿಕಿತ್ಸೆ ಮಾಡುವವರಿಂದ ನಾವು ಕೇಳತಕ್ಕದ್ದೂ ಇಂಥ ನಿಜವಾದ ಲೆಕ್ಕವನ್ನೇ.

ಚಿಕಿತ್ಸೆಯು ನಡೆಯುವ ರೀತಿ ಹೀಗೆ. ಹೆಂಗಸಿಗೆ ಸುಮಾರು ಹತ್ತು ಹನ್ನೆರಡು ದಿವಸ ಸೂಜಿಮದ್ದು ಕೊಟ್ಟು ಹಲವು ಅಂಡಗಳನ್ನು ಬೆಳೆಸುವರು. ಮತ್ತು ಬರಿಸಿ ಅವುಗಳನ್ನು ಸೂಜಿಯಿಂದ ಹೊರತೆಗೆಯುವರು. ಗಂಡನ ವೀರ್ಯದೊಡನೆ ಗಾಜಿನ ಪಾತ್ರೆಯಲ್ಲಿ ಕೂಡಿಸುವರು. ಗಂಡನ ಬೀಜವು ಬಹಳ ಬಲಹೀನವಾಗಿದ್ದರೆ ಒಂದೊಂದು ಅಂಡದೊಳಗೆ ಒಂದೊಂದು ವೀರ್ಯಾಣುವನ್ನು ಚುಚ್ಚಿ ಇಡುವ ಉಪಾಯವು 1992ರಿಂದ ಉಂಟು. ಮೂರರಿಂದ ಐದು ದಿವಸಗಳಲ್ಲಿ ಬೆಳೆದ ಭ್ರೂಣವನ್ನು ಗರ್ಭಕೋಶದೊಳಗೆ ಇಡುವರು. ಹೆಚ್ಚಾದವುಗಳನ್ನು ಶೈತ್ಯದಲ್ಲಿ ಕಾಪಾಡುವರು. ಎರಡು ವಾರಗಳಾದ ಮೇಲೆ ರಕ್ತವನ್ನು ಪರೀಕ್ಷಿಸುವರು.

ಈಗ ಭತ್ತದ ಬೀಜದ ಚೀಲವನ್ನು ನೆನಪಿಗೆ ತಂದುಕೊಳ್ಳಿರಿ. ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿರುವದರಿಂದ ಒಳ್ಳೆಯ ಬೀಜದ ಬೆಲೆಯನ್ನು ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಪ್ರಮಾಣಿತ ಬೀಜವು ನೂರಕ್ಕೆ ಕಡಿಮೆಯೆಂದರೆ 80 ಮೊಳೆಯಬೇಕು. ಆದರೆ ಮೊಳೆತದ್ದೆಲ್ಲ ಸಸಿಯಾಗುವದೋ? ಸಸಿಯಾದದ್ದೆಲ್ಲ ತೆನೆಗಟ್ಟುವದೋ? ಮೊಳಕೆಯನ್ನು ಎಣಿಸಿ ಕಣಜ ಕಟ್ಟುವ ರೈತನು ಎಲ್ಲಿಯಾದರೂ ಉಂಟೋ? ಹಾಗೆಯೇ ಈ ಚಿಕಿತ್ಸೆಯಲ್ಲಿಯೂ ಮೆಟ್ಟಿಲು ಮೆಟ್ಟಿಲಿಗೆ ಎಣಿಕೆ ಇಳಿಯುತ್ತಾ ಹೋಗುವದು. ಚಿಕಿತ್ಸೆಯನ್ನು ಆರಂಭಿಸಿದವರೆಲ್ಲರಿಗೂ ಒಳ್ಳೆಯ ಅಂಡ ದೊರೆಯುವದಿಲ್ಲ. ಅಂಡ ದೊರೆತವರೆಲ್ಲರಿಗೂ ಭ್ರೂಣವಾಗುವದಿಲ್ಲ. ಭ್ರೂಣವನ್ನು ಇಟ್ಟವರೆಲ್ಲರಿಗೂ ಗರ್ಭ ನಿಲ್ಲುವದಿಲ್ಲ. ರಕ್ತಪರೀಕ್ಷೆಯಲ್ಲಿ ಗರ್ಭವೆಂದು ಕಂಡವರಲ್ಲಿಯೂ ಕೆಲವರಿಗೆ ಅದು ಇಳಿದುಹೋಗುವದು. ಹಲಗೆಯ ಮೇಲೆ ನೂರಕ್ಕೆ 60 ಅಥವಾ 70 ಎಂದು ಬರೆದಿದ್ದರೆ, ಅದು ರಕ್ತಪರೀಕ್ಷೆಯ ಮೊಳಕೆಯ ಎಣಿಕೆಯೋ, ತಾಯಿಯು ಎತ್ತಿಕೊಂಡು ಮನೆಗೆ ಬಂದ ಕೂಸಿನ ಎಣಿಕೆಯೋ ಎಂದು ಕೇಳಿರಿ.

ಇಂಗ್ಲೆಂಡಿನಲ್ಲಿ ಈ ಚಿಕಿತ್ಸಾಲಯಗಳ ಮೇಲೆ 1991ರಿಂದ ಸರಕಾರದ ಒಂದು ಮಂಡಲಿಯು ಕಾವಲಿದ್ದು ಪ್ರತಿಯೊಂದರ ಲೆಕ್ಕವನ್ನು ತೆಗೆದುಕೊಳ್ಳುವದು. ಅಲ್ಲಿಯ 2019ರ ಲೆಕ್ಕವನ್ನು ಕೇಳಿರಿ. ಸ್ತ್ರೀಯರು ತಮ್ಮ ಸ್ವಂತ ಅಂಡವನ್ನೇ ಉಪಯೋಗಿಸಿದಾಗ, ಗರ್ಭಕೋಶದೊಳಗೆ ಇಟ್ಟ ನೂರು ಭ್ರೂಣಗಳಿಗೆ ಜೀವದಿಂದ ಮಗು ಹುಟ್ಟಿದ್ದು, 35ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ 32. 35ರಿಂದ 37ರವರೆಗೆ 25. 38 ಮತ್ತು 39ರಲ್ಲಿ 19. 40ರಿಂದ 42ರವರೆಗೆ 11. 43 ಮತ್ತು 44ರಲ್ಲಿ 5. ಅದರಾಚೆಗೆ 4 ಮಾತ್ರ. ಯೌವನದಲ್ಲಿದ್ದು, ಒಳ್ಳೆಯ ವೈದ್ಯರು ನೋಡಿದರೂ ನೂರರಲ್ಲಿ 68 ಸಾರಿ ಮಗುವಾಗಲಿಲ್ಲವೆಂಬದನ್ನು ಲಕ್ಷ್ಯದಲ್ಲಿಡಿರಿ. ವಯಸ್ಸು ಏರಿದ ಹಾಗೆ ಎಣಿಕೆ ಇಳಿಯುವದು, ಯಾಕಂದರೆ ಅಂಡಕ್ಕೂ ವಯಸ್ಸಾಗುವದು. ವೀರ್ಯವನ್ನು ಶುದ್ಧಮಾಡಿ ಗರ್ಭಕೋಶದೊಳಗೆ ಬಿಡುವ ಐ.ಯು.ಐ. ಎಂಬ ಸಣ್ಣ ಚಿಕಿತ್ಸೆಯಲ್ಲಾದರೋ ಒಂದು ಸಾರಿಗೆ ಫಲವು ಹತ್ತರಲ್ಲಿ ಒಂದರ ಆಸುಪಾಸು.

ಇಲ್ಲಿ ಒಂದು ತಪ್ಪೆಣಿಕೆಗೆ ಎಚ್ಚರವಾಗಿರಿ. ಒಂದು ಸಾರಿಗೆ 32 ಆದರೆ ಮೂರು ಸಾರಿಗೆ 96 ಆಯಿತು, ಆದದರಿಂದ ಮೂರನೆಯ ಸಾರಿಗೆ ಮಗುವು ನಿಶ್ಚಯವೆಂದು ಕೆಲವರು ತಿಳಿಯುವರು. ಹಾಗಲ್ಲ. ನೂರು ಮಂದಿಯಲ್ಲಿ ಮೊದಲನೆಯ ಸಾರಿ 32 ಮಂದಿಗೆ ಮಗುವಾದರೆ 68 ಮಂದಿ ಉಳಿಯುವರು. ಎರಡನೆಯ ಸಾರಿಗೆ ಆ 68ರಲ್ಲಿ 22 ಮಂದಿಗೆ ಆದೀತು. 46 ಮಂದಿ ಉಳಿಯುವರು. ಮೂರನೆಯ ಸಾರಿಗೆ ಅವರಲ್ಲಿ 15 ಮಂದಿಗೆ ಆದೀತು. ಆಗಲೂ 31 ಮಂದಿಯ ಮಡಿಲು ಬರಿದೇ. ಇದೂ ಪ್ರತಿಸಾರಿ ಭ್ರೂಣ ದೊರೆತು, ಫಲವು ಸ್ವಲ್ಪವೂ ಕುಂದದೆ ಇದ್ದರೆ ಮಾತ್ರ. ಆದದರಿಂದ ಹಿಂದಿನ ಎರಡು ಸಾರಿಯ ಸೋಲು ಮೂರನೆಯ ಸಾರಿಯ ಜಯಕ್ಕೆ ಹೊಣೆಯಲ್ಲ. ಆದರೂ ಈ ಲೆಕ್ಕದಲ್ಲಿ 69 ಮಂದಿಗೆ ಮಗುವಾಯಿತಲ್ಲಾ, ಅದನ್ನು ಮರೆಯಬೇಡಿರಿ. ಲೋಕದಲ್ಲಿ ಒಂದು ಕೋಟಿಗಿಂತ ಹೆಚ್ಚು ಮಕ್ಕಳು ಈ ಚಿಕಿತ್ಸೆಯಿಂದ ಹುಟ್ಟಿದ್ದಾರೆ. ನಿರೀಕ್ಷೆಯು ನಿಜವಾದದ್ದು, ನಿಶ್ಚಯವು ಮಾತ್ರ ಯಾರ ಕೈಯಲ್ಲಿಯೂ ಇಲ್ಲ.

ಹೀಗಿರಲಾಗಿ ಚಿಕಿತ್ಸಾಲಯಕ್ಕೆ ಹೋಗುವ ದಂಪತಿಗಳು ಇವುಗಳನ್ನು ಕೇಳತಕ್ಕದ್ದು: ನನ್ನ ವಯಸ್ಸಿನವರು, ನನ್ನಂಥ ಕಾರಣವಿದ್ದವರು, ನೂರು ಮಂದಿ ಇಲ್ಲಿ ಚಿಕಿತ್ಸೆ ಆರಂಭಿಸಿದರೆ ಎಷ್ಟು ಮಂದಿ ಮಗುವಿನೊಡನೆ ಮನೆಗೆ ಹೋದರು? ಆ ಲೆಕ್ಕದಲ್ಲಿ ಬೇರೆ ಹೆಂಗಸಿನ ಅಂಡದಿಂದ ಆದವುಗಳನ್ನೂ ಸೇರಿಸಿದ್ದೀರೋ? ಔಷಧ, ಪರೀಕ್ಷೆ, ಶೈತ್ಯದಲ್ಲಿ ಕಾಪಾಡುವದು, ಇವೆಲ್ಲಾ ಸೇರಿ ಖರ್ಚು ಎಷ್ಟು? ಒಂದಕ್ಕಿಂತ ಹೆಚ್ಚು ಭ್ರೂಣವನ್ನು ಇಡುವಿರೋ? ಯಾಕಂದರೆ ಅವಳಿ ಮಕ್ಕಳಾದರೆ ಸಂತೋಷವೆಂದು ನೀವು ತಿಳಿಯಬಹುದು. ಆದರೆ ತಾಯಿಗೂ ತಿಂಗಳು ತುಂಬದೆ ಹುಟ್ಟುವ ಕೂಸುಗಳಿಗೂ ಅದರಿಂದ ಅಪಾಯ ಹೆಚ್ಚು. ಸೂಜಿಮದ್ದಿನಿಂದ ಕೆಲವರಿಗೆ ಹೊಟ್ಟೆಯುಬ್ಬಿ ಉಸಿರಾಟಕ್ಕೆ ಕಷ್ಟವಾಗುವದೂ ಉಂಟು.

ಹೀಗೆ ಕೇಳುವದಕ್ಕೆ ಅಂಜಬೇಡಿರಿ. 2021ರ ಕಾಯಿದೆಯೊಂದು 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇಂಥ ಪ್ರತಿಯೊಂದು ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು. ತನ್ನಲ್ಲಿ ಫಲವು ದೊರೆಯುವ ಸಂಭವವೆಷ್ಟು, ಖರ್ಚೆಷ್ಟು, ಅಪಾಯಗಳೇನು ಎಂಬದನ್ನು ದಂಪತಿಗಳಿಗೆ ತಿಳಿಯಹೇಳಬೇಕು. ಬರಹದಲ್ಲಿ ಅವರ ಒಪ್ಪಿಗೆಯನ್ನು ಪಡೆಯಬೇಕು. ಹೆಂಗಸಿಗೆ 50, ಗಂಡಸಿಗೆ 55 ವಯಸ್ಸು ದಾಟಿದ ಮೇಲೆ ಚಿಕಿತ್ಸೆ ಕೂಡದು. ಗಂಡು ಬೇಕೋ ಹೆಣ್ಣು ಬೇಕೋ ಎಂದು ಆರಿಸುವದು ಅಪರಾಧ. ಉಳಿದ ಭ್ರೂಣಗಳನ್ನು ಹತ್ತು ವರುಷಕ್ಕಿಂತ ಹೆಚ್ಚು ಇಟ್ಟುಕೊಳ್ಳಕೂಡದು. ಇಂಥ ಭ್ರೂಣಗಳ ವಿಷಯದಲ್ಲಿ ಮನಸ್ಸಾಕ್ಷಿಯು ಕದಡುವವರು, ಎಷ್ಟು ಅಂಡಗಳನ್ನು ಕೂಡಿಸಬೇಕೆಂಬದನ್ನು ಮುಂಚಿತವಾಗಿಯೇ ವೈದ್ಯರೊಡನೆ ಮಾತಾಡಲಿ. ಆಮೇಲೆ ದುಃಖಪಡುವದಕ್ಕಿಂತ ಅದು ಮೇಲು.

ಖರ್ಚಿನ ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು. ಖಾಸಗಿ ಚಿಕಿತ್ಸಾಲಯದಲ್ಲಿ ಒಂದು ಸಾರಿಯ ಪ್ರಯತ್ನಕ್ಕೆ ಲಕ್ಷದಿಂದ ಎರಡು ಲಕ್ಷ, ಕೆಲವೊಮ್ಮೆ ಅದಕ್ಕೂ ಮೀರಿ ತಗಲುವದು. ಆಯುಷ್ಮಾನ್ ಭಾರತ ಯೋಜನೆಯಲ್ಲಿ ಈ ಚಿಕಿತ್ಸೆಯು ಸೇರಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಎಣಿಸತಕ್ಕದ್ದೆಂದು ಕರ್ತನು ಉಪದೇಶಿಸಿದನಲ್ಲವೇ. ಹಾಗೆಯೇ ಮೊದಲನೆಯ ಸೂಜಿಮದ್ದಿಗೆ ಮುಂಚೆ ಗಂಡಹೆಂಡರು ಒಟ್ಟಿಗೆ ಕುಳಿತು, ಎಷ್ಟು ಸಾರಿ ಪ್ರಯತ್ನಿಸುವೆವು, ಎಷ್ಟು ಹಣದವರೆಗೆ ಹೋಗುವೆವು, ಎಲ್ಲಿ ನಿಲ್ಲುವೆವು ಎಂಬ ಮೇರೆಯನ್ನು ಹಾಕಿಕೊಳ್ಳಲಿ. ಸೋತ ದಿವಸದಲ್ಲಿ ಹಾಕುವ ಮೇರೆಯು ನಿಲ್ಲುವದಿಲ್ಲ. ದುಃಖವು ಅದನ್ನು ಒದ್ದುಬಿಡುವದು. ಅಡಕೆ ತೋಟವನ್ನೂ ಮನೆಯನ್ನೂ ಬಡ್ಡಿಯವನ ಕೈಗೆ ಕೊಟ್ಟು ಪಡೆದ ಮಗುವನ್ನು ಆಮೇಲೆ ಏನಿಂದ ಸಾಕುವಿರಿ?

ಮೂರನೆಯದಾಗಿ, ಸಭೆಯ ಕರ್ತವ್ಯ. ಪೆನಿನ್ನಳ ನಾಲಿಗೆಯು ನಮ್ಮಲ್ಲಿ ಇರಬಾರದು. ಮಡಿಲು ತುಂಬುವ ಶಾಸ್ತ್ರಕ್ಕೆ, ತೊಟ್ಟಿಲಿಗೆ ಹಾಕುವ ದಿವಸಕ್ಕೆ, ಮಕ್ಕಳಿಲ್ಲದವಳನ್ನು ಮುಂದಕ್ಕೆ ಕರೆಯದೆ ಬಾಗಿಲ ಹಿಂದೆ ನಿಲ್ಲಿಸುವ ಪದ್ಧತಿಯು ಕ್ರಿಸ್ತನ ಮನೆಯದಲ್ಲ. ಆಕೆಯ ಕೈಗೇ ಮೊದಲು ಕೂಸನ್ನು ಕೊಡಿರಿ. ಪಾಪದ ಫಲವೆಂದು ಯಾರೂ ಬಾಯಿ ತೆರೆಯಬೇಡಿರಿ. ಜಕರೀಯನೂ ಎಲಿಸಬೇತಳೂ ದೇವರ ದೃಷ್ಟಿಯಲ್ಲಿ ನೀತಿವಂತರಾಗಿದ್ದೂ ಮುಪ್ಪಿನ ವರೆಗೆ ಮಕ್ಕಳಿಲ್ಲದೆ ಇದ್ದರೆಂದು ಲೂಕನು ಸ್ಪಷ್ಟವಾಗಿ ಬರೆದಿದ್ದಾನೆ. ಮಗನಿಗೆ ಮತ್ತೊಂದು ಮದುವೆ ಮಾಡುವೆವೆಂದು ಸೊಸೆಯನ್ನು ಹೆದರಿಸುವ ಮನೆಯವರಿಗೆ ಹಿರಿಯರು ಬುದ್ಧಿ ಹೇಳಲಿ. ಅದು ದೇವರ ಆಜ್ಞೆಗೂ ದೇಶದ ಕಾಯಿದೆಗೂ ವಿರೋಧ. ಉಪದೇಶಿಗಳೂ ಏಲಿಯ ಹಾಗೆ ಅವಸರದಿಂದ ತೀರ್ಪು ಮಾಡದೆ, ಮೊದಲು ಕೇಳಲಿ. ಎಲ್ಕಾನರು, ಅಂದರೆ ಗಂಡಂದಿರು, ತಾವು ಪ್ರೀತಿಸಿದರೆ ಸಾಕೆಂದು ತಿಳಿಯದೆ, ಆಕೆಯ ದುಃಖದಲ್ಲಿ ಪಾಲುಗಾರರಾಗಲಿ. ಚಿಕಿತ್ಸೆ ಸೋತ ದಿವಸ ಆಕೆಯನ್ನು ಒಂಟಿಯಾಗಿ ಬಿಟ್ಟು ಗದ್ದೆಗೆ ಹೋಗದಿರಲಿ.

ಪ್ರಯತ್ನದ ಮೇರೆಯನ್ನು ಮುಟ್ಟಿದವರಿಗೂ ದಾರಿ ಮುಗಿಯಲಿಲ್ಲ. ಪೂರ್ವದಲ್ಲಿ ನಮ್ಮ ದೇಶದ ಕ್ರೈಸ್ತರಿಗೆ ದತ್ತು ತೆಗೆದುಕೊಳ್ಳುವ ಕಾಯಿದೆಯಿರಲಿಲ್ಲ. 1890ರ ಕಾಯಿದೆಯ ಮೇರೆಗೆ ಪೋಷಕರು ಮಾತ್ರ ಆಗಬಹುದಾಗಿತ್ತು. ಈಗಲಾದರೋ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಯಾವ ಮತದವರಾದರೂ ಮಗುವನ್ನು ದತ್ತು ತೆಗೆದುಕೊಳ್ಳಬಹುದು. ಆ ಮಗುವು ಎಲ್ಲಾ ಹಕ್ಕುಗಳಿಂದ ಅವರ ಸ್ವಂತ ಮಗುವೇ ಆಗುವದು. ಮದುವೆಯಾಗಿ ಎರಡು ವರುಷ ಕಳೆದ ದಂಪತಿಗಳು ಕೇಂದ್ರ ಸರಕಾರದ ದತ್ತು ಪ್ರಾಧಿಕಾರದಲ್ಲಿ ಹೆಸರು ಬರೆಸಬೇಕು. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರು ದಾರಿ ತೋರಿಸುವರು. ಎರಡು ವರುಷದೊಳಗಿನ ಕೂಸು ಬೇಕಾದರೆ ಗಂಡಹೆಂಡರ ವಯಸ್ಸು ಕೂಡಿ 85 ಮೀರಿರಬಾರದು. ಆದದರಿಂದ ಮನಸ್ಸಿರುವವರು ತಡಮಾಡಬೇಡಿರಿ. ಆಸ್ಪತ್ರೆಯಲ್ಲಿ ಯಾರೋ ಕೈಗೆ ಕೊಡುವ ಕೂಸನ್ನು ಗುಟ್ಟಾಗಿ ಹಣಕೊಟ್ಟು ತರುವದು ಅಪರಾಧವೂ ಪಾಪವೂ ಆಗಿದೆ. ಮೋಶೆಯನ್ನು ನೀರಿನಿಂದ ಎತ್ತಿ ಸಾಕಿದವಳು ಅವನನ್ನು ಹೆತ್ತವಳಾಗಿರಲಿಲ್ಲವೆಂಬದನ್ನು ನೆನಸಿರಿ.

ಕಡೆಗೆ ಹನ್ನಳ ಕಥೆಯಲ್ಲಿ ನಾವು ಬೇಗನೆ ದಾಟಿಹೋಗುವ ಒಂದು ಮಾತುಂಟು. ಆಕೆಯ ಮುಖದ ದುಃಖವು ಅಳಿದದ್ದು ಯಾವಾಗ? ಸಮುವೇಲನು ಹುಟ್ಟಿದ ಮೇಲಲ್ಲ. ದೇವರ ಮುಂದೆ ತನ್ನ ಹೃದಯವನ್ನು ಹೊಯ್ದು, ತಪ್ಪಾಗಿ ತಿಳಿದಿದ್ದ ಯಾಜಕನೇ ಆಕೆಯ ಮಾತನ್ನು ಕೇಳಿ ಸಮಾಧಾನ ಹೇಳಿದ ಮೇಲೆ ಆಕೆಯು ಎದ್ದು ಹೋಗಿ ಊಟಮಾಡಿದಳು. ಆಗ ಮಗುವಿನ ಸುಳಿವೂ ಇರಲಿಲ್ಲ. ಮುಂದೆ ಆಗುವದೆಂಬ ಲೆಕ್ಕವನ್ನೂ ಯಾರೂ ಆಕೆಗೆ ಬರೆದುಕೊಡಲಿಲ್ಲ. ತನ್ನ ಅಳಲನ್ನು ಕೇಳುವವರಿದ್ದಾರೆಂಬದೊಂದೇ ಆಕೆಯನ್ನು ಎತ್ತಿ ನಿಲ್ಲಿಸಿತು.

ಆದಕಾರಣ, ಪ್ರಿಯರೇ, ಮಕ್ಕಳಾಗುವ 32 ಮಂದಿಯೊಡನೆ ಸಂತೋಷಪಡಿರಿ. ಬರಿಗೈಯಲ್ಲಿ ಹಿಂತಿರುಗುವ 68 ಮಂದಿಗೆ ಬಾಗಿಲಲ್ಲಿ ಎದುರುಗೊಂಡು ಕೈಹಿಡಿಯಿರಿ. ವೈದ್ಯನು ಕೊಡುವ ಅಂಕೆಯು ನೂರು ಮಂದಿಯ ಸಂಗತಿಯನ್ನು ಹೇಳುವದು. ಒಬ್ಬಳ ಬೆಲೆ ಎಷ್ಟೆಂಬದನ್ನು ಅದು ಹೇಳಲಾರದು. ಅದನ್ನು ಆಕೆಗೆ ತಿಳಿಸತಕ್ಕವರು ನಾವು. ಮಕ್ಕಳಿದ್ದವಳನ್ನೂ ಇಲ್ಲದವಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸುವ ಪ್ರೀತಿಯನ್ನು ಕರ್ತನು ನಮ್ಮ ಎಲ್ಲಾ ಸಭೆಗಳಿಗೂ ದಯಪಾಲಿಸಲಿ. ಆಮೆನ್.